ನೋಟ ದಾಟುವಷ್ಟು ಸಂದು

ಮಾರ್ಚ್ ಹನ್ನೊಂದನೆಯ ತಾರೀಖು, ಬೆಳಿಗ್ಗೆ ಹತ್ತೂಕಾಲು ಗಂಟೆ. ಪಿಕಪ್ ಗಾಡಿಯಲ್ಲಿ ಇಪ್ಪತ್ತಮೂರು ಕಬ್ಬಿಣದ ಪೈಪುಗಳಿದ್ದವು. ಅಡ್ಡ ಬಂದ ಸೈಕಲ್ಲನ್ನು ಉಳಿಸಲು ಅವಳು ಬ್ರೇಕ್ ಒತ್ತಿದಾಗ ಇಪ್ಪತ್ತೆರಡು ಇದ್ದಲ್ಲೇ ನಿಂತವು. ಇಪ್ಪತ್ತಮೂರನೆಯದು ಹಿಂದಿನ ಗಾಜನ್ನು ಒಡೆದು ಒಳಗೆ ಬಂದು, ಅವಳ ಎಡಗಿವಿಯಿಂದ ಒಂದು ಗೇಣು ದೂರದಲ್ಲಿ ನಿಂತಿತು.

ಮೂವತ್ತು ವರ್ಷ ಸ್ಟೀರಿಂಗ್ ಹಿಡಿದು, ಮೊಣಕಾಲು ಕೈಕೊಟ್ಟ ಮೇಲೆ ಗಾಡಿಯನ್ನು ಮಗಳಿಗೆ ಒಪ್ಪಿಸಿದ್ದವರು ಅಪ್ಪ. ಅವರು ಆ ಪೈಪನ್ನು ನೋಡಿದರು, ಮಗಳ ಕಿವಿಯನ್ನು ನೋಡಿದರು. ಕ್ಯಾಬಿನ್ನಿನ ಹಿಂದೆ ಗಟ್ಟಿಯಾದ ಗಾರ್ಡ್ ಹಾಕಿಸಿಕೊಂಡು ಬರಬೇಕು, ಆಮೇಲೆ ಗಾಡಿಯನ್ನು ಅಣ್ಣ ಓಡಿಸಬೇಕು ಎಂದು ತೀರ್ಪು ಕೊಟ್ಟರು. ಅಣ್ಣ ಬಣ್ಣದ ಅಂಗಡಿಯಲ್ಲಿದ್ದ. ಅವನಿಗೂ ಗಾಡಿಗೂ ಎಣ್ಣೆ ಸೀಗೆಕಾಯಿ. ಆದರೂ ಅಪ್ಪನಿಗೆ ಎದುರಾಡುವ ಅಭ್ಯಾಸ ಆ ಮನೆಯಲ್ಲಿ ಇಬ್ಬರಿಗೂ ಇರಲಿಲ್ಲ. ನಾಲ್ಕು ವರ್ಷ ದುಡಿದು ಪೈಪಿನ ಗೋದಾಮಿನಲ್ಲಿ ಡ್ರೈವರಮ್ಮ ಎನ್ನಿಸಿಕೊಂಡವಳು, ಒಂದು ಗಾಜು ಒಡೆದದ್ದಕ್ಕೆ ಆ ಹೆಸರನ್ನೇ ಕಳೆದುಕೊಳ್ಳುವ ಸ್ಥಿತಿಗೆ ಬಂದಳು.

ವೆಲ್ಡಿಂಗ್ ಅಂಗಡಿಯ ಗೋಡೆಗೆ ಮೂರು ಬಗೆಯ ಗಾರ್ಡುಗಳನ್ನು ಒರಗಿಸಿದ್ದರು. ಅವಳು ನೇರವಾಗಿ ಹೋಗಿ, ಮಿರಮಿರ ಮಿಂಚುವ ಸ್ಟೀಲಿನದರ ಮೇಲೆ ಕೈಯಿಟ್ಟಳು. ತೋಳಿನ ತುಂಬ ಕಿಡಿ ಸಿಡಿದ ಚುಕ್ಕೆಗಳಿದ್ದ ಮೇಸ್ತ್ರಿ ಕನ್ನಡಕವನ್ನು ಹಣೆಗೇರಿಸಿ ಅವಳನ್ನು ನೋಡಿದ.

"ಅದು ಫೋಟೋಗೆ ಚೆನ್ನಾಗಿರುತ್ತೆ," ಎಂದ. "ಪೈಪು ಫೋಟೋ ನೋಡಲ್ಲ."

"ಅಂಗಡಿಗೆ ಬಂದವರನ್ನ ಹೀಗೇ ಓಡಿಸ್ತೀರಾ?"

"ಓಡಿಸೋದು ನಿಮ್ಮ ಕೆಲಸ ಮೇಡಂ. ನಂದು ನಿಲ್ಲಿಸೋ ಕೆಲಸ."

ಅವಳಿಗೆ ಸಿಟ್ಟು ಬರಬೇಕಾಗಿತ್ತು, ನಗು ಬಂತು. ಅದನ್ನು ತುಟಿಯೊಳಗೇ ಬಿಗಿಹಿಡಿದಳು, ಅವನು ಗಮನಿಸಿದ.

ಎರಡನೆಯದು ಇಡೀ ತಗಡಿನದು. ಪೈಪನ್ನು ತಡೆಯುತ್ತಿತ್ತು, ಆದರೆ ರಿವರ್ಸ್ ತೆಗೆಯುವಾಗ ಹಿಂದಿನದೇನೂ ಕಾಣುತ್ತಿರಲಿಲ್ಲ. ಮೂರನೆಯದು ಅಡ್ಡಪಟ್ಟಿಗಳದು, ನಡುವೆ ಒಂದೇ ಒಂದು ಉದ್ದನೆಯ ಸಂದು. ಪೈಪಿನ ದಪ್ಪ ಎರಡೂವರೆ ಇಂಚು, ಸಂದು ಎರಡೇ ಇಂಚು. ನೋಟ ದಾಟಬೇಕು, ಪೈಪು ದಾಟಬಾರದು ಎಂಬುದು ಅವನ ಲೆಕ್ಕ. ಆದರೆ ಆ ಸಂದು ಓಡಿಸುವವರ ಕಣ್ಣಿನ ಮಟ್ಟಕ್ಕೆ ಸರಿಯಾಗಿ ಬರಬೇಕು. ತಪ್ಪಿದರೆ ಕಾಣುವುದು ಬರೀ ಕಬ್ಬಿಣ. ಆದ್ದರಿಂದ ಪ್ರತಿ ಗಾರ್ಡನ್ನೂ ಅವನು ಒಬ್ಬರ ಅಳತೆಗೆ ಮಾಡುತ್ತಿದ್ದ, ಅಂಗಿ ಹೊಲಿದಂತೆ.

"ಓಡಿಸೋದು ಯಾರು?" ಎಂದು ಕೇಳಿದ.

ಅಣ್ಣ ಎಂಬ ಮಾತು ಅವಳ ನಾಲಗೆಯ ತುದಿಗೆ ಬಂತು. ನುಂಗಿಕೊಂಡಳು.

"ನಾನೇ. ಅಳತೆ ತಗೊಳ್ಳಿ."

ಅವಳು ಸೀಟಿನಲ್ಲಿ ಕುಳಿತಳು. ಅವನು ಗಾಡಿಯ ಹಿಂಭಾಗಕ್ಕೆ ಹತ್ತಿ, ಗಾಜಿಲ್ಲದ ಚೌಕಟ್ಟಿನ ಪಕ್ಕ ಒಂದು ಸರಳನ್ನು ನೆಟ್ಟಗೆ ಹಿಡಿದು ನಿಂತ. ರಿವರ್ಸ್ ತೆಗೆಯುವಾಗ ಹೇಗೆ ನೋಡುತ್ತೀರೋ ಹಾಗೇ ನೋಡಿ ಎಂದ. ಅವಳು ಸೀಟಿನ ಬೆನ್ನಿಗೆ ತೋಳು ಚಾಚಿ, ಹೆಗಲ ಮೇಲಿಂದ ತಿರುಗಿದಳು. ಅವನು ಮೆಲ್ಲಗೆ ಮೊಣಕಾಲು ಮಡಿಸುತ್ತ ಕೆಳಗಿಳಿದ. ಮೊದಲು ಅವನ ಗಲ್ಲ ಕಂಡಿತು, ಆಮೇಲೆ ಮಸಿ ಹತ್ತಿದ ಮೂಗು, ಕೊನೆಗೆ ಕಣ್ಣು. ನಾಲ್ಕು ಕಣ್ಣು ಒಂದೇ ಗೆರೆಗೆ ಬಂದಾಗ ಅವನು ಸರಳಿನ ಮೇಲೆ ಸೀಮೆಸುಣ್ಣದ ಗುರುತು ಹಾಕಿದ. ಮೂವತ್ತೊಂದೂವರೆ ಇಂಚು.

ಇನ್ನೊಂದು ಸಲ ನೋಡೋಣ ಎಂದ. ಮೂವತ್ತೊಂದೂವರೆ.

ಮತ್ತೂ ಒಂದು ಸಲ ಎಂದ. ಈ ಸಲ ಅವಳು ಬೇಗ ಕಾಣಿಸಿತು ಎನ್ನಲಿಲ್ಲ. ಅವನು ಬಗ್ಗಿದ, ಎದ್ದ, ಮತ್ತೆ ಬಗ್ಗಿದ.

"ಈಗ?"

"ಊಹೂಂ."

"ಈಗ?"

"ಇಲ್ಲ. ಸ್ವಲ್ಪ ಹಾಗೇ ಇರಿ. ಹಾಂ."

ಮೂವತ್ತೊಂದೂವರೆಯೇ. ಎಲ್ಲರಿಗೂ ಮೂರು ಸಲ ಅಳೆಯುತ್ತೀರಾ ಎಂದು ಅವಳು ಕೇಳಿದ್ದಕ್ಕೆ ಅವನ ಕಿವಿ ಕೆಂಪೇರಿತು.

"ಅದಕ್ಕೆ ಉತ್ತರ ಬಾಕಿ ಇರಲಿ. ಗಾರ್ಡ್ ಕೂತ ಮೇಲೆ ಹೇಳ್ತೀನಿ."

ಕೆಲಸಕ್ಕೆ ಒಂಬತ್ತು ದಿನ ಹಿಡಿಯಿತು. ಬೋಲ್ಟುಗಳನ್ನು ತೆಳು ತಗಡಿಗೆ ಬಿಗಿಯದೆ ಚಾಸಿಯವರೆಗೂ ಇಳಿಸಬೇಕೆಂಬುದು ಅವನ ಹಠ. ಅಷ್ಟರಲ್ಲಿ ಅವಳು ನಾಲ್ಕು ಸಲ ಅಂಗಡಿಗೆ ಬಂದಳು. ಮೂರು ಸಲಕ್ಕೆ ಕಾರಣಗಳಿದ್ದವು. ನಾಲ್ಕನೆಯ ಸಲಕ್ಕೆ ಕಾರಣ ಹೊಂದಿಸಿಕೊಳ್ಳಲು ಮರೆತಿದ್ದಳು. ಅವನೂ ಕೇಳಲಿಲ್ಲ, ಇದ್ದ ಒಂದೇ ಸ್ಟೂಲನ್ನು ಒರೆಸಿ ಮುಂದಿಟ್ಟ.

ಇಪ್ಪತ್ತನೆಯ ತಾರೀಖು ಅಪ್ಪ, ಅಣ್ಣ ಇಬ್ಬರೂ ಬಂದರು. ಅವಳಿಗಿಂತ ಐದು ಇಂಚು ಎತ್ತರವಿದ್ದ ಅಣ್ಣ ಸೀಟಿನಲ್ಲಿ ಕುಳಿತು ಹಿಂದಕ್ಕೆ ತಿರುಗಿದ.

"ಅಪ್ಪಾ, ನಂಗೆ ಬರೀ ಕಬ್ಬಿಣ ಕಾಣ್ತಿದೆ."

ಅಪ್ಪ ಮೇಸ್ತ್ರಿಯತ್ತ ತಿರುಗಿ, ಯಾರ ಅಳತೆಗೆ ಮಾಡಿದ್ದೀಯಪ್ಪಾ ಎಂದರು. ಅವನು ಬಾಯಿ ತೆರೆಯುವ ಮೊದಲೇ ಅವಳು ಮುಂದೆ ಬಂದಳು.

"ನನ್ನ ಅಳತೆ ಅಪ್ಪಾ. ನಾನೇ ಕೊಟ್ಟೆ. ಇಪ್ಪತ್ತಮೂರು ಪೈಪು ಹೇರಿಸಿ, ಹಗ್ಗ ಕಟ್ಟಬೇಡಿ. ಒಂದು ಒಳಗೆ ಬಂದ್ರೂ ಕೀಲಿ ಅಣ್ಣಂಗೆ. ಬರಲಿಲ್ಲ ಅಂದ್ರೆ ನಂಗೆ."

ಅಪ್ಪ ಗಾರ್ಡನ್ನು ಒಮ್ಮೆ ಅಲುಗಾಡಿಸಿ ನೋಡಿ, ಅಂಗಡಿಯ ಹುಡುಗರಿಗೆ ಅಲ್ಲಿದ್ದ ಪೈಪುಗಳನ್ನು ಹೇರಿ ಎಂದು ಕೈಸನ್ನೆ ಮಾಡಿದರು.

ಅವಳ ಪಕ್ಕದ ಸೀಟಿಗೆ ಹತ್ತಿ ಕುಳಿತವನು ಮೇಸ್ತ್ರಿ. ಗಾರ್ಡ್ ಮಾಡಿದವನು ಮೊದಲ ಬ್ರೇಕಿಗೆ ಒಳಗಿರಬೇಕು, ಅದು ಅಂಗಡಿಯ ಪದ್ಧತಿ ಎಂದ. ಅಂಗಡಿಯ ಹಿಂದಿನ ಖಾಲಿ ರಸ್ತೆಯಲ್ಲಿ ಅವಳು ನಲವತ್ತಕ್ಕೆ ಏರಿಸಿದಳು. ಸೀಟ್‌ಬೆಲ್ಟ್ ಸರಿಯಾಗಿದೆಯೇ ಎಂದು ಅವನನ್ನು ಒಮ್ಮೆ ನೋಡಿ, ಪೂರ್ತಿ ಬ್ರೇಕ್ ಒತ್ತಿದಳು.

ಬೆನ್ನ ಹಿಂದೆ ಇಪ್ಪತ್ತಮೂರು ಪೈಪುಗಳು ಒಟ್ಟಿಗೆ ಬಂದು ಬಡಿದವು. ಗಾಡಿ ನಡುಗಿತು. ಹಿಂದೆ ಹೊಸದಾಗಿ ಕೂಡಿಸಿದ ಗಾಜಿಗೆ ಏನೂ ಆಗಲಿಲ್ಲ.

ಅವಳು ಎಂಜಿನ್ ಆರಿಸಲಿಲ್ಲ. ತೋಳು ಚಾಚಿ, ಹೆಗಲ ಮೇಲಿಂದ ತಿರುಗಿ, ಆ ಎರಡಿಂಚು ಸಂದಿನಲ್ಲೇ ನೋಡುತ್ತ ಬಂದ ದಾರಿಯಷ್ಟನ್ನೂ ರಿವರ್ಸ್ ತೆಗೆದು, ಅಂಗಡಿಯ ಇಕ್ಕಟ್ಟಾದ ಗೇಟಿನೊಳಗೆ ಒಂದೇ ಏಟಿಗೆ ತಂದು ನಿಲ್ಲಿಸಿದಳು. ಅಪ್ಪ ಕುಂಟುತ್ತ ಬಂದು ಬೆರಳು ಮಡಿಸಿ ಎಣಿಸಿದರು. ಎರಡು ಸಲ ಎಣಿಸಿದರು.

"ಇಪ್ಪತ್ತಮೂರೂ ಹೊರಗೇ ಇವೆ," ಎಂದರು. "ಕೀಲಿ ನಿನ್ನ ಹತ್ರಾನೇ ಇರಲಿ ಮಗಳೇ."

ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವನು ಅಣ್ಣ.

ಒಳಗೆ ಅವಳ ಕೈ ಇನ್ನೂ ಸೀಟಿನ ಬೆನ್ನ ಮೇಲೆಯೇ ಇತ್ತು, ಮೇಸ್ತ್ರಿಯ ಹೆಗಲಿಗೆ ತಾಗುವಷ್ಟು ಹತ್ತಿರ. ತೆಗೆಯಲಿಲ್ಲ.

"ಗಾರ್ಡ್ ಕೂತಾಯ್ತು ಮೇಸ್ತ್ರಿ. ಮೂರು ಸಲ ಯಾಕೆ ಅಳೆದ್ರಿ?"

ಅವನು ಮುಂದಿನ ಗಾಜನ್ನೇ ನೋಡುತ್ತ ಹೇಳಿದ. "ಮೊದಲನೇದು ಗಾರ್ಡಿಗೆ. ಉಳಿದ ಎರಡು ನನಗೆ."

ಅವಳು ಎಂಜಿನ್ ಆರಿಸಿದಳು.

"ಮೂರನೇ ಸಲ ಕಾಣ್ತಿಲ್ಲ ಅಂದೆನಲ್ಲ," ಎಂದಳು. "ಕಾಣ್ತಿತ್ತು."

ಅವನು ಆಗ ತಿರುಗಿದ. ಅಳತೆ ಹಿಡಿಯಲು ಸರಳು ಬೇಕಾಗಲಿಲ್ಲ. ಅವಳ ಕೈ ಅವನ ಹೆಗಲಿಗೆ ಇಳಿಯಿತು. ಅವನ ಕೈ ಅದರ ಮೇಲೆ ಬಂತು. ಎರಡೂ ಕಡೆಯ ಬಾಕಿ ಅಲ್ಲಿಗೆ ಚುಕ್ತಾ ಆಯಿತು.