ಭಾವನ ಕೆನ್ನೆಯ ಮಚ್ಚೆ

ಮಧ್ಯಾಹ್ನ ಉಣ್ಣೆಗೆ ಬಣ್ಣ ಹಾಕುವ ಪಾಠ ಮುಗಿಸಿ ಬರುವಷ್ಟರಲ್ಲಿ ದಿವಂಗತ ಭಾವನ ಮಚ್ಚೆ ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ದಾಟಿತ್ತು.

"ಇಲ್ಲಿತ್ತು ಕಣೋ, ಬಲಕ್ಕೆ! ಈಗ ನೋಡು, ಎಡಕ್ಕೆ ಬಂದು ಕೂತಿದೆ!"

ಅಕ್ಕ ಮಗ್ಗದ ಮುಂದೆ ನಿಂತು ಬೊಬ್ಬೆ ಹಾಕಿದರು. ಬಣ್ಣದ ಕೈಯನ್ನು ತಲೆಯ ಮೇಲೆ ಹೊತ್ತಿದ್ದರಿಂದ ಅವರ ಬಿಳಿಕೂದಲು ಅರ್ಧ ನೀಲಿಯಾಗಿತ್ತು.

ಅವರ ತಮ್ಮ ನಿವೃತ್ತ ಇನ್ಸ್‌ಪೆಕ್ಟರು. ಸರ ಕದ್ದವರನ್ನು, ಸೈಕಲ್ ಕದ್ದವರನ್ನು, ಒಮ್ಮೆ ಬಾಗಿಲನ್ನೇ ಚೌಕಟ್ಟಿನ ಸಮೇತ ಎತ್ತಿಕೊಂಡು ಹೋದವನನ್ನು ಹಿಡಿದವರು. ಮಚ್ಚೆಯ ಕೇಸು ಇದೇ ಮೊದಲು. ಅಕ್ಕನ ಕಾರಿನ ಮೇಲೆ ಅವರ ಮಗ್ಗ ಕಟ್ಟಿ, ಓಡಿಸಿಕೊಂಡು ಈ ಚಿತ್ರನೇಯ್ಗೆ ಶಿಬಿರಕ್ಕೆ ಬಂದು ಮೂರು ದಿನವಾಗಿತ್ತು. ಇಲ್ಲಿಯ ಜನ ದಿನಕ್ಕೆ ಒಂದು ಬೆರಳಗಲ ನೇಯ್ದು, ಸಂಜೆ ಅದನ್ನೇ ಅರ್ಧ ಗಂಟೆ ನೋಡುತ್ತ ಕೂರುತ್ತಿದ್ದರು. ಒಂದು ಕಿವಿಗೆ ಒಂದು ತಿಂಗಳು! ಮೊದಲ ದಿನ ಇನ್ಸ್‌ಪೆಕ್ಟರಿಗೆ ತಲೆ ಕೆಟ್ಟಿತ್ತು. ಎರಡನೇ ದಿನ, ಯಾರಿಗೂ ಹೇಳದೆ, ತಾವೂ ಒಂದು ಪುಟ್ಟ ಚೌಕಟ್ಟು ಹಿಡಿದು ಕಿಟಕಿಯ ಹತ್ತಿರ ಕೂತರು. ಊಟದ ಗಂಟೆ ಬಾರಿಸಿದ್ದು ಅವರಿಗೆ ಕೇಳಿಸಲೇ ಇಲ್ಲ.

ಅಕ್ಕನದು ಮಾತ್ರ ಹುಡುಗಾಟವಲ್ಲ. ಭಾವ ಹೋದ ಮೇಲೆ, ಫೋಟೋವನ್ನು ಮಗ್ಗದ ಪಕ್ಕ ಅಂಟಿಸಿಕೊಂಡು, ಮೂರು ವರ್ಷ ಎಳೆ ಎಳೆಯಾಗಿ ನೇಯ್ದ ಮುಖ ಅದು. ನಾಳೆ ಬೆಳಿಗ್ಗೆ ಎಲ್ಲರೆದುರು ಅದನ್ನು ಮಗ್ಗದಿಂದ ಕತ್ತರಿಸಿ ಇಳಿಸಬೇಕು. ನೋಡಲು ಮಗ, ಸೊಸೆ ಬರುತ್ತಾರೆ.

"ಇದು ಬೀಗಿತ್ತಿಯದೇ ಕೆಲಸ," ಅಕ್ಕ ಹಲ್ಲು ಕಡಿದರು. "ಬಂದ ದಿನವೇ ಆ ಮಚ್ಚೆ ನೋಡಿ ಮುಖ ಸಿಂಡರಿಸಿದ್ರು. ಸಾಬೀತಾಗಲಿ, ನಾಳೆ ಮಗನ ಎದುರಿಗೇ ಹೇಳ್ತೀನಿ. ಇನ್ನು ಅವರ ಮನೆ ಹೊಸ್ತಿಲು ತುಳಿಯಲ್ಲ ಅಂತ."

ಬೀಗಿತ್ತಿ ಎಂದರೆ ಸೊಸೆಯ ತಾಯಿ. ಇಬ್ಬರದೂ ಎಣ್ಣೆ ಸೀಗೆಕಾಯಿ ಸಂಬಂಧ. ಶಿಬಿರಕ್ಕೆ ಇಬ್ಬರನ್ನೂ ಜೊತೆಯಾಗಿ ಕಳಿಸಿದ್ದು ಸೊಸೆಯ ಉಪಾಯ. ಅದೀಗ ಕೈಕೊಟ್ಟಿತ್ತು.

* * *

ಇನ್ಸ್‌ಪೆಕ್ಟರು ಮೊದಲು ಎಲ್ಲರ ಕೈ ನೋಡಿದರು. ಬಣ್ಣದ ಪಾಠಕ್ಕೆ ಹೋದವರ ಕೈಯೆಲ್ಲ ನೀಲಿ. ಶುಭ್ರವಾಗಿದ್ದದ್ದು ಇಬ್ಬರದೇ. ಒಬ್ಬರು ಹಲ್ಲಿನ ಡಾಕ್ಟರು, ಇನ್ನೊಬ್ಬರು ಬೀಗಿತ್ತಿ.

"ಡಾಕ್ಟ್ರೇ, ಪಾಠಕ್ಕೆ ಬರಲಿಲ್ವಾ?"

"ಬಂದಿದ್ನಲ್ಲ! ಗ್ಲೌಸ್ ಹಾಕ್ಕೊಂಡಿದ್ದೆ. ನಲವತ್ತು ವರ್ಷದ ಅಭ್ಯಾಸ."

"ನಿಮ್ಮ ಬುಟ್ಟೀಲಿ ಕಂದು ಉಣ್ಣೆ ಇದೆ. ಮಚ್ಚೆ ಬಣ್ಣದ್ದೇ."

"ಹುಳುಕು ಹಲ್ಲು ನೇಯ್ತಿದೀನಿ ಸ್ವಾಮಿ. ಕಂದು ಬೇಡ್ವಾ?"

ಟೀಚರನ್ನು ಕೇಳಿದರೆ, ಅಂಗಳದ ತುಂಬ ಹಂಡೆಯ ಆವಿ, ಯಾರಿದ್ದರು ಯಾರಿಲ್ಲ ಎಂದು ಕಾಣಲೇ ಇಲ್ಲ ಎಂದರು.

ಬೀಗಿತ್ತಿ ಕೋಣೆಯಲ್ಲಿದ್ದರು. "ನಂಗೆ ತಲೆನೋವು. ಮಲಗಿದ್ದೆ," ಎಂದರು. "ಮಚ್ಚೆ ಯಾವ ಕಡೆ ಇದ್ರೇನು? ಇದ್ದರಾಯ್ತಪ್ಪ." ಹೇಳುವಾಗ ಕಣ್ಣು ಮಾತ್ರ ನೆಲ ನೋಡುತ್ತಿತ್ತು.

* * *

ಇನ್ಸ್‌ಪೆಕ್ಟರು ಮಗ್ಗಕ್ಕೆ ಮೂಗು ತಾಗಿಸಿ ಪರೀಕ್ಷಿಸಿದರು. ಹಳೆಯ ಮಚ್ಚೆ ಬಿಚ್ಚಿ, ಚರ್ಮದ ಬಣ್ಣ ತುಂಬಿ, ಹೊಸದನ್ನು ಸೂಜಿಯಲ್ಲಿ ಕೂರಿಸಿದ್ದರು. ಎಲ್ಲೂ ಸುಕ್ಕಿಲ್ಲ. ಹಾಳು ಮಾಡುವವರು ಇಷ್ಟು ಜೋಪಾನವಾಗಿ ಮಾಡುವುದಿಲ್ಲ.

ಒಂದು ಮಾತ್ರ ವಿಚಿತ್ರ. ಅಕ್ಕ ಕೂರುವ ಈ ಬದಿಯಲ್ಲಿ ಎಲ್ಲೆಲ್ಲೂ ದಾರದ ತುದಿಗಳು ಕುರಿಯ ಉಣ್ಣೆಯಂತೆ ಜೋತಾಡುತ್ತಿದ್ದವು. ತಿದ್ದಿದ ಎರಡು ಜಾಗದಲ್ಲಿ ಒಂದೂ ಇಲ್ಲ. ಹಾಗಾದರೆ ಎಲ್ಲಿ ಹೋದವು? ಅವರು ಹೊಟ್ಟೆ ಒಳಗೆಳೆದುಕೊಂಡು, ಮಗ್ಗಕ್ಕೂ ಗೋಡೆಗೂ ನಡುವೆ ನುಸುಳಿದರು.

"ಅಕ್ಕಾ! ಭಾವನಿಗೆ ಗಡ್ಡ ಬಂದಿದೆ!"

* * *

ಎಲ್ಲರೂ ಹಾಲ್‌ನಲ್ಲಿ ಸೇರಿದರು.

"ಟೀಚರ್, ಮೊದಲ ದಿನ ಏನು ಪಾಠ ಮಾಡಿದ್ರಿ?"

"ಹಿಂಬದಿಯಿಂದ ನೇಯೋದು. ಚಿತ್ರದ ಬೆನ್ನು ನಮ್ಮ ಕಡೆ, ಮುಖ ಆಚೆ ಕಡೆ. ದಾರದ ತುದಿಗಳೆಲ್ಲ ನಮ್ಮ ಕಡೆಗೇ ಬಿಡ್ತೀವಿ. ನಮಗೆ ಎಡ ಬಲ ತಿರುಗುಮುರುಗಾಗಿ ಕಾಣುತ್ತೆ."

"ಅಂದ್ರೆ ಫೋಟೋದಲ್ಲಿ ಎಡಕ್ಕಿರೋ ಮಚ್ಚೆ ಮಗ್ಗದಲ್ಲಿ ಬಲಕ್ಕೆ ಇರಬೇಕು. ಅಕ್ಕ ಸರಿಯಾಗೇ ನೇಯ್ದಿದ್ಲು. ಅದು ತಪ್ಪು ಅಂತ ಯಾರಿಗೆ ಕಾಣುತ್ತೆ? ಎದುರಿನಿಂದ ನೇಯೋರಿಗೆ. ಅವರು ತುದಿಗಳನ್ನ ಆಚೆಗೆ ತಳ್ತಾರೆ, ಅವರಿಗೆ ಆಚೆ ಕಡೆ ಬೆನ್ನು. ಇಲ್ಲಿ ಆಚೆ ಕಡೆ ಭಾವನ ಮುಖ! ಹನ್ನೆರಡು ಮಗ್ಗ ನೋಡಿದೆ. ಹನ್ನೊಂದರಲ್ಲಿ ತುದಿ ಈಚೆಗಿದೆ, ಡಾಕ್ಟರ ಹುಳುಕು ಹಲ್ಲಿಗೂ ಅಷ್ಟೆ. ಮೂಲೇಲಿ ಯಾರಿಗೂ ಕಾಣದ ಹಾಗೆ ಬಟ್ಟೆ ಮುಚ್ಚಿಟ್ಟಿರೋ ಮಗ್ಗದಲ್ಲಿ ಮಾತ್ರ ಈಚೆ ನುಣುಪು, ಆಚೆ ತುದಿ."

ಎಲ್ಲರ ಕಣ್ಣೂ ಬೀಗಿತ್ತಿಯ ಕಡೆ ಹೊರಳಿತು.

"ನಮ್ಮತ್ತೆ ನಂಗೆ ಕಲಿಸಿದ್ದೇ ಹಾಗೆ," ಬೀಗಿತ್ತಿಯ ದನಿ ಸಣ್ಣಗಾಯಿತು. "ಬೇರೆ ಥರ ಇದೆ ಅಂತ ಗೊತ್ತಿರಲಿಲ್ಲ. ಆ ಪಾಠದಲ್ಲಿ ನಿದ್ದೆ ಬಂದುಬಿಡ್ತು."

ಅಕ್ಕ ಸಿಡಿದರು. "ನನ್ನ ಮಗ್ಗ ಮುಟ್ಟೋಕೆ ನೀವ್ಯಾರು? ತಪ್ಪು ಅನ್ನಿಸಿದ್ರೆ ಬಾಯಲ್ಲಿ ಹೇಳಬಾರದಿತ್ತಾ? ಮಕ್ಕಳೆದುರು ನನ್ನ ನಗೆಪಾಟಲು ಮಾಡೋ ಆಸೆ!"

"ನಗೆಪಾಟಲು ಮಾಡೋದಿದ್ರೆ ಹಾಗೇ ಬಿಟ್ಟಿರ್ತಿದ್ದೆ!" ಬೀಗಿತ್ತಿಯ ಕಣ್ಣಲ್ಲಿ ನೀರು. "ಯಜಮಾನರ ಮಚ್ಚೆ ಯಾವ ಕಡೆ ಅಂತ ನಿಮಗೆ ಮರೆತುಹೋಗಿದೆ ಅನ್ಕೊಂಡೆ. ಮೂರು ವರ್ಷ ನೇಯ್ದೋರಿಗೆ ಅದನ್ನ ಯಾವ ಬಾಯಲ್ಲಿ ಹೇಳಲಿ? ನಾಳೆ ಎಲ್ಲರೂ ನೋಡ್ತಾರೆ. ಅದಕ್ಕೆ, ನಿಮಗೂ ಗೊತ್ತಾಗದ ಹಾಗೆ..."

ಡಾಕ್ಟರು ಮೂಗೊರೆಸಿಕೊಂಡರು. ಅಕ್ಕ ಹೋಗಿ ಮಗ್ಗದ ಮುಂದಿನ ಬೆಂಚಿನಲ್ಲಿ ಕೂತರು. ಆಮೇಲೆ ಪಕ್ಕಕ್ಕೆ ಸರಿದು ಜಾಗ ಮಾಡಿದರು.

"ಬನ್ನಿ ಇಲ್ಲಿ. ಎಲ್ಲಿಂದ ಕಿತ್ತಿರೋ ಅಲ್ಲೇ ಇಡಿ."

ಬೀಗಿತ್ತಿ ಅಂಜುತ್ತಲೇ ಬಂದು ಕೂತರು. ಅಕ್ಕ ತಾವೇ ಸೂಜಿಗೆ ಕಂದು ದಾರ ಪೋಣಿಸಿ ಅವರ ಕೈಗಿತ್ತರು.

"ಒಂದು ಮಾತು ಹೇಳ್ತೀನಿ ಬೀಗಿತ್ತಿಯವರೇ. ಮದುವೆಯಾದಾಗಿನಿಂದ ನಮ್ಮನೆಯವರ ಕೆನ್ನೆ ಮುಟ್ಟಿದ ಹೆಂಗಸು ನಾನು ಬಿಟ್ರೆ ನೀವೊಬ್ರೇ!"