ಸುಮ್ಮನಾಗದ ಡಬ್ಬಿ

ಅವತ್ತು ಬೆಳಗ್ಗೆ ಮೋಡ ಬಂದು ಮನೆಯ ನೆತ್ತಿಯ ಮೇಲೆಯೇ ಕೂತುಬಿಟ್ಟಿತ್ತು. ಮಳೆಯಾಗಿ ಸುರಿಯಲೊಲ್ಲದು, ಬಿಸಿಲಿಗೆ ದಾರಿಯನ್ನೂ ಬಿಡಲೊಲ್ಲದು. ಗಾಳಿ ಎಲ್ಲಿ ಅಡಗಿತ್ತೋ, ಕಿಟಕಿಯ ಪರದೆ ಅಲುಗಲಿಲ್ಲ.

“ಈ ಕಂಪ್ಯೂಟರ್‌ಗೆ ಕಣ್ಣಿಲ್ವಾ? ಬೋರ್ಡ್ ಇಲ್ಲೇ ಇದೆ, ಲೈಟೂ ಉರೀತಿದೆ. ಬೋರ್ಡೇ ಇಲ್ಲ ಅಂತಿದೆಯಲ್ಲ,” ಎಂದಳು ಚಿನಕುರುಳಿ, ಮೇಜಿನ ಮೇಲಿದ್ದ ಎಲೆಕ್ಟ್ರಾನಿಕ್ ಬೋರ್ಡ್ ತೋರಿಸಿ.

ಅದು ಅಜ್ಜ ಇಟ್ಟ ಹೆಸರು. ಒಮ್ಮೆ ಕಿಡಿ ತಾಗಿದರೆ ಪಟಪಟ ಸಿಡಿಯುವುದೇ ಹೊರತು ನಡುವೆ ನಿಲ್ಲುವ ಪೈಕಿ ಅಲ್ಲ ಅಂತ. ಊಟದ ಮೇಜಿನ ಹತ್ತಿರ, ಅವಳ ಪಕ್ಕದ ಸ್ಟೂಲಿನಲ್ಲಿ ಕೂತಿದ್ದವಳು ಎದುರು ಮನೆಯ ಗೆಳತಿ. ಇಬ್ಬರದೂ ಒಂದೇ ಕ್ಲಾಸು. ಎಳ್ಳುಕಾಳಿನಷ್ಟು ಪುಟ್ಟಗಿದ್ದಾಳೆಂದು ಎಲ್ಲರಿಗೂ ಅವಳು ಎಳ್ಳು.

“ಆ ಕೇಬಲ್...” ಎಂದಳು ಎಳ್ಳು.

“ಕೇಬಲ್ ಸರಿಯಾಗೇ ಇದೆ ಕಣೇ. ನೀನು ಟೈಮ್ ನೋಡು.”

ಎಳ್ಳು ಅಂಗೈಯಲ್ಲಿ ಹಿಡಿದಿದ್ದ ಅಜ್ಜನ ಕೈಗಡಿಯಾರ ನೋಡಿದಳು. ಅದು ಇಬ್ಬರ ಒಪ್ಪಂದ. ಒಬ್ಬಳು ಅರ್ಧ ಗಂಟೆ ಕುರ್ಚಿಯಲ್ಲಿ ಕೂತು ಟೈಪ್ ಮಾಡಬೇಕು, ಇನ್ನೊಬ್ಬಳು ಸ್ಟೂಲಿನಲ್ಲಿ ಕೂತು ಗಡಿಯಾರ ಹಿಡಿಯಬೇಕು. ಆಮೇಲೆ ಅದಲುಬದಲು. ಶುರು ಮಾಡಿದ್ದು ಏಳಕ್ಕೆ. ಈಗ ಒಂಬತ್ತೂವರೆ. ಗಡಿಯಾರ ಇನ್ನೂ ಎಳ್ಳುವಿನ ಕೈಯಲ್ಲೇ ಇತ್ತು.

ಚಿನಕುರುಳಿಯ ಅವಸರಕ್ಕೂ ಕಾರಣವಿತ್ತು. ಅಜ್ಜನಿಗೆ ಕಣ್ಣಿನ ಆಪರೇಷನ್ ಆಗಿತ್ತು. ದಿನಕ್ಕೆ ನಾಲ್ಕು ಸಲ ಡ್ರಾಪ್ಸ್ ಹಾಕಿಕೊಳ್ಳಬೇಕು, ಅಜ್ಜನಿಗೋ ಮರೆವು. ನಾಳೆಯಿಂದ ಅಮ್ಮನಿಗೆ ಡ್ಯೂಟಿ, ಇವಳಿಗೆ ಸ್ಕೂಲು. ನೆನಪು ಮಾಡುವವರು ಯಾರು? ಅದಕ್ಕೇ ಮಧ್ಯಾಹ್ನ ದೊಡ್ಡಪ್ಪ ಕಾರು ತಂದು ಅಜ್ಜನನ್ನು ತಮ್ಮ ಮನೆಗೆ ಕರೆದುಕೊಂಡು ಹೋಗುವವರಿದ್ದರು. ಒಂದು ತಿಂಗಳು. ಬಾಗಿಲ ಬಳಿ ಬ್ಯಾಗ್ ಆಗಲೇ ಕೂತಿತ್ತು.

“ಟೈಮಿಗೆ ಸರಿಯಾಗಿ ಕೂಗೋ ಡಬ್ಬಿ ಮಾಡ್ತೀನಿ, ಅಜ್ಜನ್ನ ಕಳಿಸ್ಬೇಡ,” ಎಂದು ಚಿನಕುರುಳಿ ಹಟ ಹಿಡಿದಿದ್ದಳು.

“ಮಧ್ಯಾಹ್ನದೊಳಗೆ ಮಾಡಿ ತೋರಿಸು. ಆಮೇಲೆ ಮಾತು,” ಎಂದಿದ್ದರು ಅಮ್ಮ.

ಬೋರ್ಡ್ ಕೊಟ್ಟವರು ಅತ್ತೆ. ಅವರು ಲಿಫ್ಟ್‌ಗಳಿಗೆ ಪ್ರೋಗ್ರಾಮ್ ಬರೆಯುವವರು. ಬೆರಳುದ್ದದ ಹಸಿರು ಬೋರ್ಡನ್ನು ಅಂಗೈಯಲ್ಲಿಟ್ಟು ಅಂದೇ ಹೇಳಿದ್ದರು: “ನೋಡು ಪುಟ್ಟಿ, ಇದಕ್ಕಿರೋದು ಒಂದೇ ತಲೆ. ಕೆಲಸ ಮೂರು, ಟಾಸ್ಕ್ ಅಂತೀವಿ. ದೀಪ ಮಿಟುಕಿಸ್ಬೇಕು, ಬಜರ್ ಕೂಗಿಸ್ಬೇಕು, ಯಾರಾದ್ರೂ ಬಟನ್ ಒತ್ತಿದ್ರಾ ಅಂತ ನೋಡ್ಬೇಕು. ಯಾರ ಸರದಿ ಯಾವಾಗ ಅಂತ ಹೇಳೋಕೆ ಒಬ್ಬ ಯಜಮಾನ ಬೇಕಲ್ಲ, ಅದೇ ರಿಯಲ್-ಟೈಮ್ ಆಪರೇಟಿಂಗ್ ಸಿಸ್ಟಮ್. ಲಿಫ್ಟ್ ಬಾಗಿಲಿಗೆ ಕೈ ಅಡ್ಡ ಬಂದ್ರೆ ತಕ್ಷಣ ಬಾಗಿಲು ತೆರೀಬೇಕು. ತಾಳು, ದೀಪ ಹಚ್ತಿದೀನಿ ಅಂದ್ರೆ ನಡಿಯುತ್ತಾ?”

ಹತ್ತು ಗಂಟೆಗೆ ಎಳ್ಳು ಸದ್ದಿಲ್ಲದೆ ಎದ್ದು ಹೋದಳು. ತನ್ನ ಮನೆಯಿಂದ ಬೇರೊಂದು ಕೇಬಲ್ ತಂದು ಚುಚ್ಚಿದಳು. ಕಂಪ್ಯೂಟರಿಗೆ ಬೋರ್ಡ್ ಕಂಡಿತು.

“ನಿನ್ನದು ಬರೀ ಚಾರ್ಜಿಂಗ್ ಕೇಬಲ್. ಅದರಲ್ಲಿ ಕರೆಂಟ್ ಹರಿಯುತ್ತೆ, ಮಾತು ಹೋಗಲ್ಲ,” ಎಂದಳು.

“ಮೊದಲೇ ಹೇಳ್ಬಾರ್ದಾ?”

ಮೂಲೆಯ ಆರಾಮಕುರ್ಚಿಯಲ್ಲಿ, ಒಂದು ಕಣ್ಣಿಗೆ ಬಿಳಿ ಪಟ್ಟಿ ಕಟ್ಟಿಕೊಂಡು ಕೂತಿದ್ದ ಅಜ್ಜ ಸಣ್ಣಗೆ ಕೆಮ್ಮಿದರು.

ಆಮೇಲೂ ಸುಖವಿಲ್ಲ. ಕಂಪ್ಯೂಟರ್ ತೋರಿಸಿದ ಹೆಸರುಗಳಲ್ಲಿ ಚಿನಕುರುಳಿ ಬೋರ್ಡಿನ ಹೆಸರನ್ನು ತಪ್ಪಾಗಿ ಆರಿಸಿದ್ದಳು. ಅದು ಸರಿಹೋಯಿತು ಅನ್ನುವಾಗ ಒಂದು ಫೈಲೇ ಇಲ್ಲ. ಫೈಲ್ ಬಂತು ಅನ್ನುವಾಗ ಪರದೆಯ ತುಂಬ ಕೆಂಪು ಅಕ್ಷರ, ಇರುವೆ ಗೂಡಿಗೆ ಕಡ್ಡಿ ಹಾಕಿದ ಹಾಗೆ. ನೋಡಿದರೆ ಎಲ್ಲೋ ಒಂದು ಬ್ರಾಕೆಟ್ ಬಿಟ್ಟಿತ್ತು. ಬಟನ್ನಿನ ಪ್ರೋಗ್ರಾಮನ್ನು ಎಳ್ಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಂದಿದ್ದಳು. ಅದನ್ನೂ ಚಿನಕುರುಳಿಯೇ ಟೈಪ್ ಮಾಡಿದಳು. “ನಾನು ಸ್ಪೀಡು,” ಎಂದಳು.

ಹನ್ನೊಂದೂವರೆಗೆ ಎಲ್ಲವೂ, ದೀಪ, ಬಜರ್, ಬಟನ್ ಜೋಡಿಸಿ ಡಬ್ಬಿಯಲ್ಲಿ ಕೂರಿಸಿದ್ದ ಬೋರ್ಡಿನೊಳಗೆ ಇಳಿಯಿತು.

ಕುಂಯ್‌‌‌‌‌‌‌‌‌‌‌‌‌‌‌‌‌‌‌‌‌‌‌‌‌‌‌‌‌‌‌‌‌‌‌‌‌‌‌‌‌‌‌‌‌‌‌‌‌‌ ಎಂದು ಬಜರ್ ಕಿರುಚಿತು.

“ಕೂಗ್ತು, ಕೂಗ್ತು. ಅಜ್ಜಾ, ಬಟನ್ ಒತ್ತಿ, ನಿಲ್ಲುತ್ತೆ.”

ಅಜ್ಜ ಒತ್ತಿದರು. ನಿಲ್ಲಲಿಲ್ಲ. ಚಿನಕುರುಳಿ ಒತ್ತಿದಳು, ಕುಟ್ಟಿದಳು. ಡಬ್ಬಿ ಹಟಮಾರಿ ಕೂಸಿನ ಹಾಗೆ ಒಂದೇ ರಾಗ ಎಳೆಯಿತು. ಕೇಬಲ್ ಕಿತ್ತರೆ ಸುಮ್ಮನಾಗುತ್ತದೆ, ಚುಚ್ಚಿದರೆ ಮತ್ತೆ ಅದೇ ರಾಗ.

“ಅದರ ಬಾಯಿ ನೀವು ಮುಚ್ಚಿಸ್ತೀರೋ, ನಾನು ಬರಲೋ?” ಅಡುಗೆಮನೆಯಿಂದ ಅಮ್ಮ.

“ದೇವರ ಹತ್ರ ಕಣ್ಣು ಕೊಡಪ್ಪಾ ಅಂತ ಕೇಳಿದ್ದೆ,” ಎಂದರು ಅಜ್ಜ. “ಬದಲಿಗೆ ಕಿವಿ ತಗೋ ಅಂತ ಹೇಳಿರಲಿಲ್ಲ.”

ಚಿನಕುರುಳಿಗೆ ಅಳುವೇ ಬಂತು. “ಎಳ್ಳು, ನಿನ್ನ ಬಟನ್ನೇ ಸರಿ ಇಲ್ಲ.”

“ಬಟನ್ ಅಲ್ಲ, ನಿನ್ನ...”

“ಸುಮ್ನಿರೇ, ಯೋಚ್ನೆ ಮಾಡೋಕೆ ಬಿಡು.”

ಬಟನ್ ಬದಲಿಸಿದಳು. ವೈರು ಬದಲಿಸಿದಳು. ಆಫ್ ಮಾಡಿ ಆನ್ ಮಾಡಿದಳು. ಕುಂಯ್‌. ಬಾಗಿಲ ಬಳಿಯ ಬ್ಯಾಗು ಅವಳನ್ನೇ ನೋಡುತ್ತಿರುವಂತಿತ್ತು.

“ಬಜರ್‌ದು...” ಎಂದಳು ಎಳ್ಳು.

“ಅಯ್ಯೋ, ಒಂದು ನಿಮಿಷ ತಡಿಯೇ.”

“ಚಿನಕುರುಳೀ,” ಅಜ್ಜ ಮೆಲ್ಲಗೆ ಕರೆದರು. “ಆ ಮಗು ಬೆಳಗ್ಗೆಯಿಂದ ಒಂದು ಮಾತನ್ನ ಶುರು ಮಾಡ್ತಾನೇ ಇದೆ. ಮುಗಿಸಿದ್ದು ನಾನಂತೂ ಕೇಳಲಿಲ್ಲ. ಮುಚ್ಚಿರೋದು ನನ್ನ ಕಣ್ಣಮ್ಮ, ಕಿವಿ ಅಲ್ಲ.”

ಚಿನಕುರುಳಿ ಕೇಬಲ್ ಕಿತ್ತಳು. ಮನೆಯೆಲ್ಲ ನಿಶ್ಶಬ್ದವಾಯಿತು.

“ಏನು, ಹೇಳು.”

ಎಳ್ಳು ನೋಟ್‌ಬುಕ್ ತೆರೆದಳು. “ನನ್ನ ಟಾಸ್ಕಲ್ಲಿ ಕೊನೆಗೆ ಒಂದು ಸಾಲಿದೆ ನೋಡು. ಸ್ವಲ್ಪ ಕಾಯಿ ಅನ್ನೋ ಸಾಲು. ದೀಪದ ಟಾಸ್ಕಲ್ಲೂ ಇದೆ. ನಿನ್ನ ಬಜರ್‌ದರಲ್ಲಿ ಮಾತ್ರ ಇಲ್ಲ. ಅದಕ್ಕೇ ಮೊದಲ ಸರದಿ ಸಿಗ್ಲಿ ಅಂತ ಎಲ್ಲಕ್ಕಿಂತ ದೊಡ್ಡ ನಂಬರ್ ಬೇರೆ ಕೊಟ್ಟಿದೀಯ. ದೊಡ್ಡ ನಂಬರಿನದು ಎಲ್ಲೂ ಕಾಯದೇ ಇದ್ರೆ ಯಜಮಾನ ಬೇರೆಯವರಿಗೆ ಹೇಗೆ ಸರದಿ ಕೊಡ್ತಾನೆ? ಅದಕ್ಕೇ ದೀಪಾನೂ ಮಿಟುಕ್ತಿಲ್ಲ. ನಾವು ಬಟನ್ ಒತ್ತಿದ್ದು ಅದಕ್ಕೆ ಗೊತ್ತೇ ಆಗಲ್ಲ.”

ಎಳ್ಳು ಇಷ್ಟು ಮಾತನ್ನು ಒಟ್ಟಿಗೆ ಆಡಿದ್ದನ್ನು ಚಿನಕುರುಳಿ ಕೇಳಿರಲೇ ಇಲ್ಲ. ಅಥವಾ ಆಡಲು ಬಿಟ್ಟಿರಲಿಲ್ಲ.

ಅವಳು ತನ್ನ ಸಾಲುಗಳನ್ನು ಓದಿದಳು. ಕೂಗು. ಮತ್ತೆ ಕೂಗು. ಮತ್ತೆ ಕೂಗು. ಉಸಿರು ತೆಗೆದುಕೊಳ್ಳಲೂ ಜಾಗವಿರಲಿಲ್ಲ.

ಅಷ್ಟರಲ್ಲಿ ಹೊರಗೆ ಹಾರ್ನ್ ಕೇಳಿಸಿತು. ಗಡಿಬಿಡಿಯಲ್ಲಿ ಅವಳೇ ಆ ಒಂದು ಸಾಲನ್ನು ಸೇರಿಸಿ ಕೇಬಲ್ ಚುಚ್ಚಿದಳು. ದೊಡ್ಡಪ್ಪ ಒಳಗೆ ಬಂದು ಚಪ್ಪಲಿ ಬಿಡುವ ಹೊತ್ತಿಗೆ ಡಬ್ಬಿ ಕೂಗಿತು: ಕುಂಯ್‌. ಒಂದು ಕ್ಷಣ ಸುಮ್ಮನಿತ್ತು. ಕುಂಯ್‌. ನಡುನಡುವೆ ದೀಪ ಕಣ್ಣು ಮಿಟುಕಿಸಿತು. ಅಜ್ಜ ತಡಕಾಡಿ ಬಟನ್ ಒತ್ತಿದರು. ಡಬ್ಬಿ ಬಾಯಿ ಮುಚ್ಚಿತು.

“ಇನ್ನೊಂದ್ಸಲ ತೋರಿಸು,” ಎಂದರು ದೊಡ್ಡಪ್ಪ. ಇನ್ನೊಂದು ಸಲ ತೋರಿಸಿದರು. ಮೂರನೆಯ ಸಲ ದೊಡ್ಡಪ್ಪನೇ ಒತ್ತಿದರು. “ಸರಿ ಬಿಡು, ಅಪ್ಪ ಇಲ್ಲೇ ಇರಲಿ. ಒಂದು ವಾರ ನೋಡೋಣ.”

ಅಮ್ಮ ಬ್ಯಾಗನ್ನು ಎತ್ತಿಕೊಂಡು ಒಳಗೆ ಹೋದರು.

ಇನ್ನು ನಾಲ್ಕು ಹೊತ್ತಿನ ಟೈಮ್ ತುಂಬಿಸುವುದು ಬಾಕಿ ಇತ್ತು. ಚಿನಕುರುಳಿ ಕೀಬೋರ್ಡಿನತ್ತ ಬಾಗಿದಳು. ಆಗ ಎಳ್ಳುವಿನ ಅಂಗೈ ಕಣ್ಣಿಗೆ ಬಿತ್ತು. ಬೆಳಗ್ಗೆಯಿಂದ ಹಿಡಿದೇ ಕೂತಿದ್ದ ಗಡಿಯಾರದ ಪಟ್ಟಿ ಅಲ್ಲಿ ಕೆಂಪಗೆ ಅಚ್ಚೊತ್ತಿತ್ತು.

ಅವಳು ಕುರ್ಚಿಯಿಂದ ಎದ್ದಳು. ಎಳ್ಳುವನ್ನು ಅದರಲ್ಲಿ ಕೂರಿಸಿ ಮೌಸನ್ನು ಅವಳ ಕೈಯಲ್ಲಿಟ್ಟಳು. ಗಡಿಯಾರ ತೆಗೆದುಕೊಂಡು ಸ್ಟೂಲಿನಲ್ಲಿ ಕೂತಳು.

ಎಳ್ಳು ಒಂದೊಂದೇ ಅಕ್ಷರ ಹುಡುಕಿ ಒತ್ತತೊಡಗಿದಳು, ಬಹಳ ನಿಧಾನಕ್ಕೆ. ಚಿನಕುರುಳಿ ಗಡಿಯಾರವನ್ನು ಮುಖ ಕೆಳಗೆ ಮಾಡಿ ಮೇಜಿನ ಮೇಲಿಟ್ಟಳು.