ಹಳ್ಳದ ಕಡೆಯ ವಾಲ್ವ್

‘ಮಾಡಿದ್ದುಣ್ಣೋ ಮಹಾರಾಯ’ ಬೇರೆ ಊರಿನ ಗಾದೆ. ರಾಯದುರ್ಗದಲ್ಲಿ ಅದು ‘ಅವರು ತೊಳೆದದ್ದು ಕುಡಿಯೋ ಮಹಾರಾಯ’. ನಂಬದಿದ್ದರೆ ಊರಾಚೆಯ ಹಳ್ಳ ನೋಡಿ, ಈ ವಾರ ಯಾವ ಬಣ್ಣದ ಜೀನ್ಸಿಗೆ ಗಿರಾಕಿ ಎಂದು ನೀರೇ ಹೇಳುತ್ತದೆ. ಆ ಹಳ್ಳದ ದಂಡೆಯಲ್ಲಿ ನಡೆದದ್ದಿದು. ಒಂದಕ್ಷರ ಸುಳ್ಳಿಲ್ಲ.

ಅಮರಾಪುರದ ಹುಡುಗಿ ಗಂಗೋತ್ರಿ, ಜೀನ್ಸ್ ತೊಳೆಯುವ ಯೂನಿಟ್ಟಿಗೆ ಕಂಪ್ಯೂಟರ್ ಕೆಲಸಕ್ಕೆ ಸೇರಿದ ಮೊದಲ ದಿನ, ಅಲ್ಲಿನ ಹಳೆಯ ಕೆಲಸಗಾರ ಶಿವಶಂಕರ್ ಅವಳ ಮೇಜಿಗೆ ಹಾಜರಿ ಹಾಕಲು ಬಂದ. ಅಂಗೈ ಎರಡೂ ಕೆಂಗಂದು.

“ಗೋರಂಟಿ ಚೆನ್ನಾಗಿ ಹತ್ತೈತೆ. ಮದುವೆ ಯಾವತ್ತಾಯ್ತು?” ಎಂದಳು ಗಂಗೋತ್ರಿ.

“ಪ್ಯಾಂಟಿನ ಜೋಡಿ ಆಗೇತ್ರಿ,” ಎಂದ. “ಬಣ್ಣ ತೆಗಿಯೋ ಮದ್ದು ಇದು. ಪ್ಯಾಂಟಿಂದು ಹೋಗ್ತೈತಿ, ಕೈಗೆ ಹತ್ತತೈತಿ.”

ಅವಳು ನಾಲಿಗೆ ಕಚ್ಚಿಕೊಂಡಳು. ಅವನು ಕೈ ಹಿಂದೆ ಕಟ್ಟಿಕೊಂಡ. ಆದರೂ ಬಾಗಿಲು ದಾಟುವಾಗ ಒಮ್ಮೆ ತಿರುಗಿ ನೋಡಿದ. ಮದುವೆ ಆಗಿಲ್ಲ ಎಂದು ಖಾತರಿಪಡಿಸುವವನಂತೆ.

ಊಟದ ಹೊತ್ತಿಗೆ ಗಂಗೋತ್ರಿ ಇದ್ದರೆ ರೇಡಿಯೊ ಬೇಡ. ಬಸ್ ಕಂಡಕ್ಟರ್, ಟಿವಿ ವಾರ್ತೆಯವಳು, ಯಾರ ದನಿ ಬೇಕು? ಹಾಗೇ ತೆಗೆದು ತೋರಿಸುತ್ತಿದ್ದಳು. ಮಾಲೀಕ ಮುತ್ತುರಾಜನ ಮೂಗಿನ ಕೀರಲು ದನಿಯನ್ನು ಮಾತ್ರ ಅವಳು ಯಾರ ಮುಂದೆಯೂ ತೆಗೆದವಳಲ್ಲ. ಶಿವಶಂಕರ್ ರೊಟ್ಟಿ ಮರೆತು ಅವಳ ತುಟಿಯನ್ನೇ ನೋಡುತ್ತ ಕೂರುತ್ತಿದ್ದ.

ಅವಳು ಬಾಡಿಗೆಗಿದ್ದದ್ದು ಹಳ್ಳದ ಕೆಳಗಿನ ಉಜ್ಜಿನಮ್ಮನ ಮನೆಯಲ್ಲಿ. ಒಂದು ಮಧ್ಯಾಹ್ನ ಉಜ್ಜಿನಮ್ಮನ ಏಳು ಕುರಿ ಹಳ್ಳದ ನೀರು ಕುಡಿದು, ಬಾಯಲ್ಲಿ ನೊರೆ ಬಂದು, ಸಾಲಾಗಿ ಬಿದ್ದವು. ಮುದುಕಿ ಅವನ್ನು ಹೂತು, ಕೈ ತೊಳೆದದ್ದು ಹಳ್ಳದ ಪಕ್ಕದ ಬಾವಿಯ ನೀರಿನಲ್ಲೇ. ಬೇರೆ ನೀರೆಲ್ಲಿದೆ?

“ಬಣ್ಣದ ನೀರನ್ನ ಹಳ್ಳಕ್ಕೆ ಬಿಡೋ ವಾಲ್ವ್ ತೆಗೆಯೋರು ನೀವಂತೆ,” ಎಂದಳು ಗಂಗೋತ್ರಿ ಮರುದಿನ ಶಿವಶಂಕರನಿಗೆ.

“ಮೋಡ ಆದ ದಿನ ಬಿಡು ಅಂತಾರ್ರಿ ಸಾಹುಕಾರ್ರು. ಮಳಿ ನೀರಿನ ಜೋಡಿ ಹೋದ್ರ ಯಾರಿಗೂ ಕಾಣಂಗಿಲ್ಲ. ಟ್ಯಾಂಕಿನ್ಯಾಗ ಸುಣ್ಣ, ಪಟಿಕ ಹಾಕಿ ತಿಳಿ ಮಾಡಾಕ ಖರ್ಚು ಬರತೈತಲ್ಲ.”

“ಆ ಬಾವಿ ನೀರು ನಾನೂ ಕುಡೀತೀನಿ ಕಣ್ರೀ.”

“ಇನ್ನ ತೆಗಿಯಂಗಿಲ್ರಿ. ನಿಮ್ಮಾಣಿ.”

“ನನ್ನ ಮೇಲೆ ಬೇಡ. ಆಣೆ ತಪ್ಪಿದ್ರೆ ಸಾಯೋಳು ನಾನೇ.”

ವಾರದೊಳಗೆ ಮೋಡ ಕವಿಯಿತು. ಮುತ್ತುರಾಜ್ ಬಳ್ಳಾರಿಗೆ ಹೋಗಿದ್ದ. ಗಂಗೋತ್ರಿ ಮೂಗು ಹಿಡಿದು, ಅವನದೇ ದನಿ ತೆಗೆದು, ಆಫೀಸಿನಿಂದ ಪಂಪ್ ಮನೆಗೆ ಫೋನ್ ಹಚ್ಚಿದಳು. “ಏ ಶಿವಶಂಕ್ರಾ, ಮೋಡ ಕಾಣವಲ್ತೇನಲೇ? ತಗಿ ವಾಲ್ವ್!”

ಅವನು ಆಗೋದಿಲ್ಲ ಅನ್ನಬೇಕು, ಆಗ ತಾನು ನಕ್ಕುಬಿಡಬೇಕು. ಅವಳ ಲೆಕ್ಕ ಇಷ್ಟೇ.

“ಹ್ಞೂಂ ಸಾರ್.”

ಅವಳು ಓಡಿದಳು. ಟ್ಯಾಂಕಿನ ಹಿಂದೆ ಬರುವಷ್ಟರಲ್ಲಿ ಚಕ್ರ ಎರಡು ಸುತ್ತು ತಿರುಗಿತ್ತು. ಕಪ್ಪು ನೀಲಿ ನೀರು ನೊರೆಯೆಬ್ಬಿಸಿ ಹಳ್ಳಕ್ಕೆ ಬೀಳುತ್ತಿತ್ತು. ಶಿವಶಂಕರ್ ಕಣ್ಣು ಮುಚ್ಚಿಕೊಂಡೇ ತಿರುಗಿಸುತ್ತಿದ್ದ. ಅವಳ ಸ್ವಂತ ದನಿ ಹೊರಡಲಿಲ್ಲ. ಹೊರಟದ್ದು ಅದೇ ಕೀರಲು.

“ಬಂದ್ ಮಾಡಲೇ!”

ಅವನು ಗರಗರ ತಿರುಗಿಸಿ ಮುಚ್ಚಿ, ಕೈಕಟ್ಟಿ ನಿಂತು, ಆಮೇಲೆ ಕಣ್ಣು ಬಿಟ್ಟ. ಎದುರಿಗೆ ಇದ್ದದ್ದು ಮೂಗು ಹಿಡಿದ ಅವಳೊಬ್ಬಳೇ.

“ನೀವಾ? ಫೋನಿನ್ಯಾಗೂ?”

“ನಾನೇ. ನನ್ನ ಮೇಲೆ ಆಣೆ ಇಟ್ಟೋರು ನೀವೇನಾ?” ಅವಳ ಕಣ್ಣು ತುಂಬಿತ್ತು.

“ಆ ದನಿ ಕೇಳಿದ್ರ ಕೈ ತಾನಾ ಹೋಗ್ತೈತ್ರಿ.” ಅವನು ನೆಲ ನೋಡಿದ. “ಹೋದ ವರ್ಷ ನನ್ನ ಜೋಡಿ ಕೆಲಸಕ್ಕಿದ್ದ ಕಿರಣ್ ಕುಮಾರಗ ‘ಟ್ಯಾಂಕಿಗೆ ಇಳಿ’ ಅಂದದ್ದೂ ಅದ ದನಿ. ಇಳಿದ. ಮ್ಯಾಲ ಬರಲಿಲ್ಲ. ಆವತ್ತು ನನಗ ‘ಇಳಿ’ ಅಂದಿದ್ರ ನಾನೂ ಇಳೀತಿದ್ದೆ.”

ಅಷ್ಟರಲ್ಲಿ ಅವನ ಮೊಬೈಲ್ ರಿಂಗಾಯಿತು. ಬಳ್ಳಾರಿಯಿಂದ, ನಿಜವಾದ ಮುತ್ತುರಾಜ್.

“ಏ, ಮೋಡ ಆಗೇತೇನಲೇ ಅಲ್ಲಿ? ತಗಿ ವಾಲ್ವ್!”

ಶಿವಶಂಕರ್ ಗಂಗೋತ್ರಿಯನ್ನೇ ನೋಡಿದ. ಹತ್ತು ವರ್ಷ ನಡುಗಿಸಿದ ದನಿಯಲ್ಲಿ ಅವನಿಗೆ ಈಗ ಅವಳು ಹಿಡಿದ ಮೂಗು ಮಾತ್ರ ಕೇಳಿಸುತ್ತಿತ್ತು.

“ತೆಗಿಯಂಗಿಲ್ಲ ಸಾರ್.”

“ಏನಂದಿ?”

“ಕೆಳಗ ನಾ ಮದುವಿ ಆಗಾಕಿ ಇರ್ತಾಳ್ರಿ. ಆ ನೀರು ಆಕಿ ಕುಡೀತಾಳ.”

ಆ ಕಡೆ ಬೈಗುಳ ಸುರಿಯಿತು. ನಾಳೆಯಿಂದ ಬರಬೇಡ ಎಂಬಲ್ಲಿಗೆ ಫೋನ್ ಕಟ್ಟಾಯಿತು.

“ಆಗಾಕಿನಾ? ನನ್ನ ಯಾವಾಗ ಕೇಳಿದ್ರಿ?” ಎಂದಳು ಗಂಗೋತ್ರಿ.

“ಈಗ ಕೇಳಾಕತ್ತೀನ್ರಿ. ಕೆಲಸನೂ ಇಲ್ಲ ಈಗ.”

“ಮೊದ್ಲು ಉಜ್ಜಿನಮ್ಮನ್ನ ತಡೀಬೇಕು. ಎರಡು ಸುತ್ತಿನ ನೀರು ಆಗ್ಲೇ ಹೋಗೈತೆ. ಇವತ್ತು ಬಾವಿಗೆ ಕೊಡ ಇಳಿಸಬಾರ್ದು. ನಡೀರಿ.”

ಇನ್ಯಾರೂ ತೆಗೆಯದಂತೆ ಅವನು ವಾಲ್ವಿನ ಚಕ್ರ ಬಿಚ್ಚಿ ಹೆಗಲಿಗೇರಿಸಿಕೊಂಡ. ಪಕ್ಕದಲ್ಲಿ ಹಳ್ಳ ಸಾವಿನ ಬಣ್ಣ ಹೊತ್ತು ಅವರಿಗಿಂತ ಮುಂದೆ ಓಡುತ್ತಿತ್ತು. ಅರ್ಧ ದಾರಿಯಲ್ಲಿ ಗಂಗೋತ್ರಿ ಕಣ್ಣೊರೆಸಿಕೊಂಡು ಮೂಗು ಹಿಡಿದಳು.

“ಏ ಶಿವಶಂಕ್ರಾ! ಅಮರಾಪುರಕ್ಕ ಬಂದು ನಮ್ಮಪ್ಪನ್ನ ಕೇಳಲೇ!”

“ಹ್ಞೂಂ ಸಾರ್!”

ಅವಳು ನಕ್ಕಳು. ಅವನು ಇನ್ನೂ ಜೋರಾಗಿ, ಚಕ್ರ ಹೆಗಲಿಂದ ಜಾರುವಷ್ಟು, ಹತ್ತು ವರ್ಷದ ಬಾಕಿಯೆಲ್ಲ ಒಟ್ಟಿಗೇ ನಕ್ಕ.